ಪಂಚಮಿ ಜೋಕಾಲಿ ಕಟ್ಟುವ ಮುಂಚೆ

ಶ್ರಾವಣ ಬಂತೆಂದರೆ ಕಲಬುರಗಿಯ ಗಂಜಿನ, ಅಂದರೆ ದೊಡ್ಡ ಮಾರುಕಟ್ಟೆಯ, ಹಗ್ಗದ ಅಂಗಡಿಗಳಲ್ಲಿ ಒಂದೇ ಮಾತು: "ಜೋಕಾಲಿಗಿ ಗಟ್ಟಿ ಹಗ್ಗ ಕೊಡ್ರಿ." ಅಂಗಡಿಯವರು ಕೊಡುತ್ತಾರೆ, ಕೊಂಡವರು ನಿಶ್ಚಿಂತೆಯಿಂದ ಊರಿಗೆ ಹೋಗುತ್ತಾರೆ. ಹಗ್ಗ ಗಟ್ಟಿ ಇದ್ದರೆ ಜೋಕಾಲಿ ಗಟ್ಟಿ ಎಂಬ ನಂಬಿಕೆ. ಆದರೆ ಲೆಕ್ಕ ಹಾಕಿ ನೋಡಿದರೆ ಹೊಸ ಹಗ್ಗ ಬರೀ ಭಾರಕ್ಕೆ ಹರಿಯುವುದು ಬಹಳ ಕಷ್ಟ. ಕೆಡುವುದು ಬೇರೆ ಕಡೆ: ಟೊಂಗೆಯಲ್ಲಿ, ಹಗ್ಗ ಟೊಂಗೆಗೆ ಉಜ್ಜುವ ಜಾಗದಲ್ಲಿ, ಮಣೆಯ ತೂತಿನಲ್ಲಿ, ಜೀಕುವ ದಾರಿಗೆ ಅಡ್ಡ ಬರುವ ಮಕ್ಕಳಲ್ಲಿ.

ಮೊದಲು ಆ ಲೆಕ್ಕ ಮುಗಿಸಿಬಿಡೋಣ. ತಲಾ 60 ಕಿಲೋ ತೂಕದ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ನಿಂತು ಜೀಕುತ್ತಾರೆ ಅನ್ನಿ. ಸುಮ್ಮನೆ ನಿಂತಾಗ ಹಗ್ಗಗಳ ಮೇಲೆ 120 ಕಿಲೋ ಭಾರ. ಜೋಕಾಲಿ ಎರಡೂ ಕಡೆ 45 ಡಿಗ್ರಿವರೆಗೆ ಹೋದರೆ, ಕೆಳಗೆ ನಡುವಿಗೆ ಬರುವ ಹೊತ್ತಿಗೆ ಭಾರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. 60 ಡಿಗ್ರಿಗೆ ಹೋದರೆ ಸರಿಯಾಗಿ ಎರಡು ಪಟ್ಟು, ಅಂದರೆ 240 ಕಿಲೋ. ಹಗ್ಗ ಟೊಂಗೆಯ ಮಟ್ಟಕ್ಕೇ ಏರುವ ಹಾಗೆ ಜೀಕಿದರೆ ಮೂರು ಪಟ್ಟು. ಎರಡು ಹಗ್ಗ ಇರುವುದರಿಂದ 60 ಡಿಗ್ರಿಯಲ್ಲಿ ಒಂದೊಂದಕ್ಕೆ 120 ಕಿಲೋ ಬೀಳುತ್ತದೆ. ಒಳ್ಳೆ ಕಂಪನಿಯ 16 ಮಿ.ಮೀ. ಪ್ಲಾಸ್ಟಿಕ್ ಹಗ್ಗ, ಅಂದರೆ ಪಾಲಿಪ್ರೊಪಿಲಿನ್, ಹೊಸದಿದ್ದಾಗ ಮೂರು ಸಾವಿರ ಕಿಲೋಕ್ಕೂ ಹೆಚ್ಚು ತಡೆಯುತ್ತದೆ. ಗಂಟು ಹಾಕಿದಲ್ಲಿ ಅದರ ಬಲ ಅರ್ಧಕ್ಕೆ ಇಳಿಯಿತು ಅಂತಲೇ ಹಿಡಿಯಿರಿ, ಆದರೂ ಬೇಕಾದಷ್ಟು ಉಳಿಯುತ್ತದೆ. ಮನುಷ್ಯರನ್ನು ಹೊರುವ ಹಗ್ಗಕ್ಕೆ ಬೀಳುವ ಭಾರದ ಹತ್ತು ಪಟ್ಟಾದರೂ ಶಕ್ತಿ ಇರಬೇಕು. ಆ ಲೆಕ್ಕಕ್ಕೂ 16 ಮಿ.ಮೀ. ಸಾಲುತ್ತದೆ. ಕೈಗೆ ಹಿಡಿತ ಚೆನ್ನಾಗಿ ಸಿಗಲಿ ಅನ್ನುವವರು 18 ಅಥವಾ 20 ಮಿ.ಮೀ. ತಗೊಳ್ಳಬಹುದು. ಹೆಬ್ಬೆರಳಿಗಿಂತ ಸಣ್ಣ ಹಗ್ಗ ಬೇಡ. ಅದು ಭಾರ ತಡೆದರೂ ಅಂಗೈ ಕೊಯ್ಯುತ್ತದೆ.

ಪ್ಲಾಸ್ಟಿಕ್ ಹಗ್ಗವನ್ನು ತೂಕದ ಮೇಲೆ ಮಾರುತ್ತಾರೆ. 16 ಮಿ.ಮೀ. ಹಗ್ಗ ಮೀಟರಿಗೆ ಸುಮಾರು 115 ಗ್ರಾಂ ತೂಗಬೇಕು. 15 ಮೀಟರ್ ಕೊಂಡರೆ ಒಂದೂಮುಕ್ಕಾಲು ಕಿಲೋದ ಹತ್ತಿರ ಬರುತ್ತದೆ. ಅದಕ್ಕಿಂತ ತೀರಾ ಕಡಿಮೆ ತೂಗಿದರೆ ಹಗ್ಗವನ್ನು ಸಡಿಲ ಹೊಸೆದು ದಪ್ಪ ಕಾಣಿಸುವಂತೆ ಮಾಡಿದ್ದಾರೆಂದೇ ಅರ್ಥ. ಎರಡು ಕೈಯಲ್ಲಿ ಹಿಡಿದು ಉಲ್ಟಾ ತಿರುವಿ ಎಳೆ ಬಿಚ್ಚಿ ನೋಡಿ. ಒಳಗಿನ ಎಳೆಗಳೂ ಹೊರಗಿನವುಗಳಷ್ಟೇ ಹೊಳಪಾಗಿ, ಒತ್ತೊತ್ತಾಗಿ ಇರಬೇಕು.

ನೈಲಾನ್ ಹಗ್ಗ ಇನ್ನೂ ಗಟ್ಟಿ, ಆದರೆ ಹಿಗ್ಗುತ್ತದೆ ಮತ್ತು ನುಣುಪು ಜಾಸ್ತಿ. ಗಂಟು ಜಾರುತ್ತದೆ. ಹಳೇ ಕಾಲದ ಪುಂಡಿ ನಾರಿನ ಹಗ್ಗ ಕೈಗೆ ಹಿತ, ಗಂಟು ಕಚ್ಚಿ ಕೂರುತ್ತದೆ. ಆದರೆ ಪಂಚಮಿ ಬರುವುದೇ ಮಳೆಗಾಲದಲ್ಲಿ. ನಾರಿನ ಹಗ್ಗ ತೊಯ್ದರೆ ಬಿಗಿದು ಗಿಡ್ಡಾಗುತ್ತದೆ, ಬಿಸಿಲಿಗೆ ಒಣಗಿದಾಗ ಗಂಟು ಸಡಿಲಾಗುತ್ತದೆ, ನಾಲ್ಕು ದಿನ ಹಸಿಯಾಗಿಯೇ ಇದ್ದರೆ ಒಳಗಿಂದ ಕೊಳೆಯುತ್ತದೆ. ಎಳೆ ಬಿಚ್ಚಿದಾಗ ಒಳಗೆ ಕಂದು ಪುಡಿ ಉದುರಿದರೆ ಆ ಹಗ್ಗ ಮುಗಿದ ಹಾಗೆ. ತೆಂಗಿನ ನಾರಿನ ಹಗ್ಗ ಅದೇ ದಪ್ಪಕ್ಕೆ ಉಳಿದವುಗಳಿಗಿಂತ ಬಹಳ ಬಲಹೀನ. ಮಕ್ಕಳ ಜೋಕಾಲಿಗೂ ಅದು ಬೇಡ ಎನ್ನುತ್ತೇನೆ.

ಊರಲ್ಲಿ ಹೊಸ ಹಗ್ಗ ಕೊಳ್ಳುವವರಿಗಿಂತ ಮನೆಯಲ್ಲಿದ್ದದ್ದನ್ನೇ ಹುಡುಕಿ ತೆಗೆಯುವವರು ಹೆಚ್ಚು. ಎತ್ತು ಕಟ್ಟುವ ಕಣ್ಣಿ, ದಾವಣಿ ಹಗ್ಗ, ಬೋರ್‌ವೆಲ್ ಮೋಟರ್ ಇಳಿಸಿದ್ದ ಹಗ್ಗ. ಕೊಟ್ಟಿಗೆಯ ಹಗ್ಗ ಗಂಜಲದಲ್ಲಿ ನೆಂದು, ಗೂಟಕ್ಕೆ ಉಜ್ಜಿ ಸವೆದಿರುತ್ತದೆ. ಬೋರ್‌ವೆಲ್ ಹಗ್ಗದಲ್ಲಿ ಭೂಮಿಯೊಳಗೆ, ನೀರಲ್ಲಿದ್ದ ಭಾಗ ಚೆನ್ನಾಗೇ ಇರುತ್ತದೆ. ಮೇಲೆ ಬಿಸಿಲಿಗೆ ಬಿದ್ದಿದ್ದ ನಾಲ್ಕು ಮಾರು ಮಾತ್ರ ಸತ್ತಿರುತ್ತದೆ. ನಮ್ಮ ಕಡೆಯ ಬೇಸಿಗೆ ಬಿಸಿಲು ಪ್ಲಾಸ್ಟಿಕ್ ಹಗ್ಗವನ್ನು ಒಂದೆರಡು ವರ್ಷದಲ್ಲೇ ಕೊಲ್ಲುತ್ತದೆ. ಉಗುರಿನಿಂದ ಕೆರೆದಾಗ ಬಣ್ಣದ ಹಿಟ್ಟು ಉದುರಿದರೆ, ಮಡಚಿದಾಗ ಎಳೆ ಚಟಚಟ ಮುರಿದರೆ ಅದನ್ನು ಜೋಕಾಲಿಗೆ ಮುಟ್ಟಬೇಡಿ.

ಈಗ ಗಿಡ. ಹುಣಸಿ ಸಿಕ್ಕರೆ ಬೇರೆ ಹುಡುಕಬೇಡಿ. ಅದರ ಕಟ್ಟಿಗೆಯಷ್ಟು ಬಿರುಸು, ಬಾಗಿದರೂ ಮುರಿಯದ ಟೊಂಗೆ ನಮ್ಮ ಕಡೆ ಕಡಿಮೆ. ಬೇವು ಎರಡನೆಯದು. ಈಚಿನ ವರ್ಷಗಳಲ್ಲಿ ಬೇವಿಗೆ ತುದಿ ಒಣಗುವ ರೋಗ ಬಂದಿದೆ, ಹಾಗಾಗಿ ಕಟ್ಟುವ ಟೊಂಗೆ ತುದಿಯವರೆಗೂ ಹಸಿರಾಗಿದೆಯೇ ಅಂತ ನೋಡಿಯೇ ಕಟ್ಟಿ. ಮಾವು ನಡೆಯುತ್ತದೆ, ಕೆಂಪಿರುವೆ ಗೂಡು ಇರದಿದ್ದರೆ. ಆಲದ ಟೊಂಗೆ ದಪ್ಪ ಇರುತ್ತದೆ, ಸರಿ, ಆದರೆ ಬಿಳಲು ಹಿಡಿದು ಜೀಕುವ ಹುಡುಗರನ್ನು ತಡೆಯಿರಿ. ನುಗ್ಗೆಯ ಹತ್ತಿರ ಹೋಗಲೇಬೇಡಿ, ಕೊಕ್ಕೆಯಿಂದ ಕಾಯಿ ಕೀಳುವಾಗಲೇ ಅದರ ಟೊಂಗೆ ಮುರಿಯುತ್ತದೆ. ಕಾಲೊನಿಗಳಲ್ಲಿ ನೆರಳಿಗೆ ಹಚ್ಚಿದ ಗುಲ್ಮೊಹರ್ ನೋಡಲು ಹೇಳಿ ಮಾಡಿಸಿದ ಹಾಗಿದೆ. ಟೊಂಗೆ ಅಡ್ಡ ಚಾಚಿರುತ್ತದೆ, ಕೈಗೆ ಸಿಗುತ್ತದೆ. ಅದೂ ಪೆಡಸು ಕಟ್ಟಿಗೆ, ಬೇಡ.

ಹಗ್ಗ ಕಟ್ಟುವ ಜಾಗದಲ್ಲಿ ಟೊಂಗೆ ಅಡ್ಡಳತೆಯಲ್ಲಿ ಎಂಟು ಇಂಚಾದರೂ ಇರಲಿ. ಅಂದರೆ ಸುತ್ತಳತೆ ಎರಡು ಅಡಿಗಿಂತ ಹೆಚ್ಚು. ಕಾಂಡದಿಂದ ನಾಲ್ಕರಿಂದ ಆರು ಅಡಿ ದೂರದಲ್ಲಿ ಕಟ್ಟಿ. ನಾಲ್ಕಕ್ಕಿಂತ ಹತ್ತಿರವಾದರೆ ಜೋಕಾಲಿ ತುಸು ತಿರುಗಿದಾಗ ಮೊಳಕಾಲು ಕಾಂಡಕ್ಕೆ ಬಡಿಯುತ್ತದೆ. ದೂರ ಹೋದ ಹಾಗೆ ಟೊಂಗೆಯ ಬುಡಕ್ಕೆ ಬೀಳುವ ಒತ್ತಡ ಏರುತ್ತದೆ. ನಾಲ್ಕು ಅಡಿಯಲ್ಲಿದ್ದದ್ದನ್ನು ಎಂಟು ಅಡಿಗೆ ಸರಿಸಿದರೆ ಅದೇ ಇಬ್ಬರು ಹುಡುಗಿಯರು ಬುಡಕ್ಕೆ ಎರಡು ಪಟ್ಟು ಭಾರವಾಗುತ್ತಾರೆ. ಟೊಂಗೆ ಮುರಿಯುವುದು ಹಗ್ಗ ಕಟ್ಟಿದಲ್ಲಿ ಅಲ್ಲ, ಬುಡದ ಕವಲಿನಲ್ಲಿ. ಅದಕ್ಕೇ ನೋಡಬೇಕಾದದ್ದು ಆ ಕವಲನ್ನು. ಅಲ್ಲಿ ತೊಗಟೆ ಒಳಕ್ಕೆ ಮಡಚಿ ಸೀಳು ಬಿಟ್ಟಿದೆಯೇ, ಅಣಬೆ ಎದ್ದಿದೆಯೇ, ಅಂಟು ಸೋರುತ್ತಿದೆಯೇ, ಒರಲಿ ಮಣ್ಣು ಹತ್ತಿದೆಯೇ? ಕೊಡಲಿಯ ಹಿಂಬದಿಯಿಂದ ಬಡಿದರೆ ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ಪೊಳ್ಳು ಇದ್ದರೆ ಡಬ್ ಎನ್ನುತ್ತದೆ. ಮಳೆ ಹಿಡಿದು ಎರಡು ದಿನವಾಗಿದ್ದರೆ ಎಲೆಯ ನೀರಿನಿಂದ ಟೊಂಗೆಯ ಮೇಲೆ ಮೊದಲೇ ಭಾರ ಏರಿರುತ್ತದೆ ಎಂಬುದೂ ನೆನಪಿರಲಿ. ಗಿಡದ ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಬೇರೆ ಗಿಡ ನೋಡಿ, ಅದರಲ್ಲಿ ಚರ್ಚೆಯೇ ಇಲ್ಲ. ಜೇನುಗೂಡಿದ್ದರೂ ಅಷ್ಟೇ.

ಹಗ್ಗ ಎಷ್ಟು ಬೇಕು? ಟೊಂಗೆ ಹದಿನೈದು ಅಡಿ ಎತ್ತರದಲ್ಲಿದೆ, ಮಣೆ ನೆಲದಿಂದ ಒಂದೂವರೆ ಅಡಿ ಮೇಲೆ ಇರಬೇಕು. ಒಂದೊಂದು ಕಡೆ ಹದಿಮೂರೂವರೆ ಅಡಿ, ಎರಡೂ ಸೇರಿ ಇಪ್ಪತ್ತೇಳು. ಟೊಂಗೆಗೆ ಮೂರು ಸುತ್ತು ಹಾಕಲು ಒಂದು ಕಡೆಗೆ ಆರು ಅಡಿ, ಎರಡಕ್ಕೆ ಹನ್ನೆರಡು. ಮಣೆಯ ಅಡಿ ಹಾಯಿಸಲು, ಗಂಟಿಗೆ, ತುದಿ ಬಿಡಲು ಒಂಬತ್ತು ಅಡಿ. ಒಟ್ಟು ನಲವತ್ತೆಂಟು, ಅಂದರೆ ಎಂಟು ಮಾರು. ಇದಕ್ಕಿಂತ ಕಡಿಮೆ ತಂದವರು ಕೊನೆಗೆ ಸುತ್ತು ಕಡಿಮೆ ಮಾಡುತ್ತಾರೆ, ಇಲ್ಲವೇ ನಡುವೆ ಇನ್ನೊಂದು ಹಗ್ಗ ಜೋಡಿಸುತ್ತಾರೆ. ಎರಡೂ ತಪ್ಪು.

ಟೊಂಗೆಯ ಮೇಲಿಂದ ಹಗ್ಗ ಎಸೆದು, ಎರಡೂ ತುದಿ ಕೆಳಗೆ ಎಳೆದು, ಮಣೆ ಸಿಗಿಸಿ ಕೂರುವುದು ನಮ್ಮ ಕಡೆ ಬಹಳ. ಐದು ನಿಮಿಷದ ಕೆಲಸ, ಮತ್ತು ಹಗ್ಗ ಕೆಡಿಸಲು ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಹದಿಮೂರೂವರೆ ಅಡಿ ಹಗ್ಗದ ಜೋಕಾಲಿ ಒಂದು ಸಲ ಹೋಗಿ ಬರಲು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ತಗೊಳ್ಳುತ್ತದೆ. ಕೂತವರು ಹಗುರವೋ ಭಾರವೋ, ಹೊತ್ತು ಮಾತ್ರ ಅಷ್ಟೇ, ಅದು ಹಗ್ಗದ ಉದ್ದದ ಮೇಲೆ ನಿಂತಿದೆ. ಅಂದರೆ ಗಂಟೆಗೆ ಎಂಟುನೂರಕ್ಕೂ ಹೆಚ್ಚು ಸಲ. ಅಷ್ಟೂ ಸಲ ಸಡಿಲ ಹಗ್ಗ ತೊಗಟೆಯ ಮೇಲೆ ಹಿಂದೆ ಮುಂದೆ ಸರಿದು ಉಜ್ಜುತ್ತದೆ. ಪಾಲಿಪ್ರೊಪಿಲಿನ್ 160 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವ ವಸ್ತು. ಉಜ್ಜಿದ ಕಾವಿಗೆ ಹೊರಗಿನ ಎಳೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಸಂಜೆ ಇಳಿಸಿ ನೋಡಿದರೆ ಆ ಒಂದು ಗೇಣು ಮಾತ್ರ ಗಾಜಿನ ಹಾಗೆ ಹೊಳೆಯುತ್ತ, ಬಿರುಸಾಗಿರುತ್ತದೆ. ಹರಿಯುವುದು ಅಲ್ಲೇ, ಮತ್ತು ಅದು ಹದಿನೈದು ಅಡಿ ಮೇಲಿರುವುದರಿಂದ ಕೆಳಗಿನವರಿಗೆ ಕಾಣುವುದೇ ಇಲ್ಲ.

ಹಾಗಾಗಿ ನಿಚ್ಚಣಿಕೆ ಹಚ್ಚಿ ಮೇಲೆ ಹತ್ತಲೇಬೇಕು. ಹಗ್ಗ ಬೀಳುವ ಎರಡೂ ಕಡೆ ಗೋಣಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಟೊಂಗೆಗೆ ಸುತ್ತಿ, ಸುತಳಿಯಿಂದ ಕಟ್ಟಿ. ಇದು ಹಗ್ಗಕ್ಕೂ ಒಳ್ಳೆಯದು, ಗಿಡದ ತೊಗಟೆಗೂ ಒಳ್ಳೆಯದು. ಅದರ ಮೇಲೆ ಹಗ್ಗವನ್ನು ಒಂದರ ಪಕ್ಕ ಒಂದರಂತೆ ಮೂರು ಸುತ್ತು ಬಿಗಿಯಾಗಿ ಹಾಕಿ, ಒಂದರ ಮೇಲೊಂದು ಏರಬಾರದು. ಸುತ್ತು ಬಿಗಿ ಇದ್ದರೆ ಹಗ್ಗ ಟೊಂಗೆಯ ಮೇಲೆ ಸರಿಯುವುದಿಲ್ಲ, ಜೋತುಬಿದ್ದ ಕಡೆ ಬರೀ ಬಾಗುತ್ತದೆ. ಭಾರದ ಹೆಚ್ಚಿನ ಪಾಲು ಆ ಸುತ್ತುಗಳೇ ಹಿಡಿದುಕೊಳ್ಳುವುದರಿಂದ ಗಂಟಿಗೆ ಉಳಿಯುವುದು ಸ್ವಲ್ಪ. ಆಮೇಲೆ ತುದಿಯನ್ನು ಜೋತುಬಿದ್ದ ಹಗ್ಗಕ್ಕೇ ಸುತ್ತಿ, ಕುಣಿಕೆಯೊಳಗಿಂದ ತೂರಿಸಿ ಎಳೆಯಿರಿ. ಹಾಗೆ ಎರಡು ಸಲ, ನೈಲಾನ್ ಆದರೆ ನಾಲ್ಕು ಸಲ. ಒಂದು ಅಡಿ ತುದಿ ಬಿಟ್ಟು ಅದನ್ನೂ ಸುತಳಿಯಿಂದ ಬಿಗಿಯಿರಿ. ಕತ್ತರಿಸಿದ ತುದಿಯನ್ನು ಕಡ್ಡಿ ಗೀರಿ ಕರಗಿಸಿದರೆ ಎಳೆ ಬಿಚ್ಚುವುದಿಲ್ಲ. ದನ ಕಟ್ಟುವಾಗ ಹಾಕುವ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟನ್ನು ಕೈ ತಾನಾಗಿಯೇ ಹಾಕಿಬಿಡುತ್ತದೆ. ಅದರ ಬಗ್ಗೆ ಎಚ್ಚರ.

ಎರಡು ಹಗ್ಗಗಳ ನಡುವಿನ ಅಂತರ ಮೇಲೆ ಮೂರು ಅಡಿ, ಕೆಳಗೆ ಮಣೆಯಲ್ಲಿ ಎರಡು ಅಡಿಗೆ ಸ್ವಲ್ಪ ಕಡಿಮೆ ಇರಲಿ. ಮೇಲೆ ಅಗಲ ಇದ್ದರೆ ಜೋಕಾಲಿ ಗಿರಕಿ ಹೊಡೆಯುವುದಿಲ್ಲ. ಟೊಂಗೆ ಒಂದು ಕಡೆ ವಾಲಿದ್ದರೆ ಒಂದು ಹಗ್ಗ ಉದ್ದ, ಒಂದು ಗಿಡ್ಡ ಆಗುತ್ತದೆ. ತುಸು ವಾಲಿದ್ದರೆ ಚಿಂತೆಯಿಲ್ಲ, ಎರಡು ಹಗ್ಗಗಳ ಉದ್ದದಲ್ಲಿ ಒಂದು ಅಡಿಗಿಂತ ಹೆಚ್ಚು ಅಂತರ ಬಂದರೆ ಜೋಕಾಲಿ ನೆಟ್ಟಗೆ ಹೋಗದೆ ಓರೆಯಾಗಿ ತೂಗುತ್ತದೆ.

ಮಣೆಗೆ ಎರಡು ಅಡಿ ಉದ್ದ, ಒಂಬತ್ತು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ. ಬೇವು, ಜಾಲಿ, ತೇಗ ಯಾವುದಾದರೂ ಸರಿ, ಪ್ಲೈವುಡ್ ಮಾತ್ರ ಬೇಡ, ಮಳೆಗೆ ಪದರ ಬಿಡುತ್ತದೆ. ಎಳೆ ಉದ್ದಕ್ಕೆ ಹೋಗಿರಬೇಕು. ಎರಡು ತುದಿಗೆ ಕಚ್ಚು ಹೊಡೆದು ಅದರಲ್ಲಿ ಹಗ್ಗ ಕೂಡಿಸುವ ಪದ್ಧತಿಯಲ್ಲಿ ಮಣೆ ಮುಂದಕ್ಕೋ ಹಿಂದಕ್ಕೋ ಮಗುಚುತ್ತದೆ. ನಾಲ್ಕು ಮೂಲೆಗೆ ನಾಲ್ಕು ತೂತು ಹೊಡೆಸಿ, ಅಂಚಿನಿಂದ ಎರಡು ಇಂಚು ಒಳಗೆ. ಹಗ್ಗ ಒಂದು ತೂತಿನಿಂದ ಇಳಿದು ಮಣೆಯ ಅಡಿ ಅಡ್ಡ ಹಾಯ್ದು ಇನ್ನೊಂದರಿಂದ ಮೇಲೆ ಬಂದು, ಒಂದು ಮೊಳದೆತ್ತರದಲ್ಲಿ ಮೇಲಿನ ಹಗ್ಗಕ್ಕೆ ಗಂಟಾಗಬೇಕು. ತೂತಿನ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಿ. ಬಡಿಗೇರರು ಇದನ್ನು ಮಾಡದೆ ಕೊಡುತ್ತಾರೆ, ಹೇಳಿ ಮಾಡಿಸಬೇಕು. ಇಲ್ಲದಿದ್ದರೆ ಮೇಲೆ ಗೋಣಿ ಸುತ್ತಿ ಉಳಿಸಿದ ಹಗ್ಗ ಕೆಳಗೆ ತೂತಿನ ಅಂಚಿಗೆ ಕೊಯ್ದುಕೊಳ್ಳುತ್ತದೆ.

ಕಟ್ಟಿದ ಮೇಲೆ ಮೂರು ಗಂಡಸರು ಹಗ್ಗಕ್ಕೆ ಜೋತುಬಿದ್ದು ಐದಾರು ಸಲ ಜಗ್ಗಲಿ. ಇನ್ನೊಬ್ಬರು ಕವಲಿನ ಕಡೆ ನೋಡುತ್ತ, ಕಿವಿಗೊಟ್ಟು ನಿಲ್ಲಲಿ. ಚುರ್ ಎಂದು ಸೀಳಿದ ಸದ್ದು ಬಂದರೆ ಆ ಟೊಂಗೆ ಬಿಟ್ಟುಬಿಡಿ. ಮೊದಲ ದಿನ ಗಂಟುಗಳು ಕೂತು, ಹಗ್ಗ ಹಿಗ್ಗಿ ಮಣೆ ಅರ್ಧ ಅಡಿಯಾದರೂ ಇಳಿಯುತ್ತದೆ. ಆದ್ದರಿಂದ ಎರಡು ಅಡಿ ಎತ್ತರಕ್ಕೆ ಕಟ್ಟಿದರೆ ಸರಿಹೋಗುತ್ತದೆ.

ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಮಳೆಗೆ ಕಾಲು ಕೊಡುವ ಜಾಗ ಒಂದೇ ದಿನದಲ್ಲಿ ಕೆಸರಿನ ಗುಂಡಿ. ಮೊದಲೇ ಒಂದು ಗೇಣು ಉಸುಕು ಹಾಕಿ, ಕಾಲೂರಲೂ ಅನುಕೂಲ, ಬಿದ್ದರೂ ಪೆಟ್ಟು ಕಡಿಮೆ. ಪರಸಿ ಕಲ್ಲಿನ ಚಪ್ಪಡಿ ಹಾಸಿದ ಅಂಗಳದಲ್ಲಿ ಎತ್ತರದ ಜೋಕಾಲಿ ಕಟ್ಟಲೇಬಾರದು. ಮುಂದೆ ಹಿಂದೆ ಎಷ್ಟು ಜಾಗ ಖಾಲಿ ಬೇಕು ಎಂಬುದಕ್ಕೆ ಆಟದ ಮೈದಾನಗಳಲ್ಲಿ ಪಾಲಿಸುವ ಅಳತೆ ಸುಲಭ: ಹಗ್ಗ ಕಟ್ಟಿದ ಎತ್ತರದ ಎರಡು ಪಟ್ಟು, ಎರಡೂ ಕಡೆ. ಹದಿನೈದು ಅಡಿಗೆ ಮೂವತ್ತು ಅಡಿ ಮುಂದೆ, ಮೂವತ್ತು ಹಿಂದೆ. ಇದು ಅತಿ ಅನಿಸಬಹುದು. 60 ಡಿಗ್ರಿಗೆ ಹೋಗುವ ಜೋಕಾಲಿಯ ಮಣೆ ಹನ್ನೆರಡು ಅಡಿಯಷ್ಟು ಮುಂದೆ ಹೋಗುತ್ತದೆ, ಅಲ್ಲಿಂದ ಕೈಜಾರಿದವರು ಇನ್ನೂ ಮುಂದೆ ಹೋಗಿ ಬೀಳುತ್ತಾರೆ. ನಡುವೆ ಹಾಯುವಾಗ ಅದರ ವೇಗ ಗಂಟೆಗೆ 22 ಕಿಲೋಮೀಟರ್ ಮೀರಿರುತ್ತದೆ. ಒಂದೂವರೆ ಇಂಚು ದಪ್ಪದ ಹಲಗೆಯ ಅಂಚು, ಅದರ ಮೇಲೆ ಇಬ್ಬರ ಭಾರ, ಎದುರಿಗೆ ನಾಲ್ಕು ವರ್ಷದ ಮಗುವಿನ ಹಣೆ. ಜೋಕಾಲಿಯಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ. ಸುತ್ತ ಸುಣ್ಣದ ಗೆರೆ ಹಾಕಿ, ಹಿರಿಯರೊಬ್ಬರನ್ನು ಅಲ್ಲೇ ಕೂರಿಸಿ. ಉಂಡಿ ತಿನ್ನುತ್ತ ಕೂತ ಕಾಕಾ ಆದರೂ ನಡೆಯುತ್ತದೆ, ಕಣ್ಣು ಮಾತ್ರ ಮಕ್ಕಳ ಮೇಲಿರಬೇಕು.

ಜೀಕುವುದಕ್ಕೂ ಒಂದು ಲಯ ಇದೆ. ನಿಂತು ಜೀಕುವವರು ಹಿಂದೆ ತುದಿಗೆ ಹೋದಾಗ ಮೊಳಕಾಲು ಮಡಚಿ ಕುಗ್ಗಬೇಕು, ನಡುವಿಗೆ ಬರುವಾಗ ಝಾಡಿಸಿ ನೆಟ್ಟಗೆ ನಿಲ್ಲಬೇಕು. ನಡುವಿನಲ್ಲಿ ಮೈ ಅತಿ ಭಾರವಾಗಿರುವ ಹೊತ್ತಿಗೇ ಮೇಲೆದ್ದರೆ ಆ ಶ್ರಮವೆಲ್ಲ ಜೋಕಾಲಿಗೆ ಸೇರುತ್ತದೆ. ತುದಿಯಲ್ಲಿ ಎದ್ದು ನಡುವಿನಲ್ಲಿ ಕುಗ್ಗಿದರೆ ಜೋಕಾಲಿ ನಿಂತೇ ಹೋಗುತ್ತದೆ. ಇಬ್ಬರಿದ್ದಾಗ ಹಿಂದೆ ತುದಿಗೆ ಹೋದವರ ಪಾಳಿ, ಆಮೇಲೆ ಎದುರಿನವರ ಪಾಳಿ. ಕೂತು ಜೀಕುವ ಮಕ್ಕಳಿಗೆ ಮುಂದೆ ಹೋಗುವಾಗ ಹಿಂದಕ್ಕೆ ಒರಗಿ ಕಾಲು ಚಾಚು, ಹಿಂದೆ ಬರುವಾಗ ಮುಂದೆ ಬಾಗಿ ಕಾಲು ಮಡಚು ಅಂತ ಹೇಳಿಕೊಟ್ಟರೆ ಹತ್ತು ನಿಮಿಷದಲ್ಲಿ ಕಲಿಯುತ್ತಾರೆ. ಎದುರಿನ ಟೊಂಗೆಯ ಎಲೆ ಕಾಲಿನಿಂದ ಮುಟ್ಟುವ ಪಂತ ಶುರುವಾದರೆ ಗಮನ ಇಡಿ. ಹಗ್ಗ ಟೊಂಗೆಯ ಮಟ್ಟ ದಾಟಿದರೆ ಒಂದು ಕ್ಷಣ ಸಡಿಲಾಗಿ ಆಮೇಲೆ ಜರ್ಕ್ ಹೊಡೆಯುತ್ತದೆ. ಕೈ ಬಿಡುವುದು, ಗಂಟು ಜಾರುವುದು, ಕವಲು ಸೀಳುವುದು ಆ ಜರ್ಕಿಗೇ. ಸೀರೆಯಾದರೆ ಸೆರಗು ಸೊಂಟಕ್ಕೆ ಸಿಗಿಸಿ, ಚೂಡಿದಾರವಾದರೆ ದುಪಟ್ಟಾ ತೆಗೆದಿಟ್ಟೇ ಏರಬೇಕು.

ಮನೆಯೊಳಗೆ ಕಟ್ಟುವವರಿಗೆ ಬೇರೆ ಮಾತು. ಚಿತ್ತಾಪುರ, ಸೇಡಂ, ಶಹಾಬಾದ ಕಡೆ ಪರಸಿ ಕಲ್ಲಿನ ಛತ್ತಿಗೆ ಕಬ್ಬಿಣದ ಗರ್ಡರ್ ಇರುತ್ತದೆ. ಗರ್ಡರ್ ಭಾರ ತಡೆದೀತು, ಆದರೆ ಅದರ ಅಂಚು ಹಗ್ಗವನ್ನು ಚಾಕುವಿನಂತೆ ಕೊಯ್ಯುತ್ತದೆ. ಅಲ್ಲಿ ಸರಪಳಿ ಹಾಕಿ. ಹಳೇ ಮಣ್ಣಿನ ಮಾಳಿಗೆಯ ತೊಲೆಗೆ ಶ್ರಾವಣದಲ್ಲಿ ಜೋಕಾಲಿ ಬೇಡವೇ ಬೇಡ. ಮೇಲಿನ ಮಣ್ಣು ಮಳೆ ನೀರು ಕುಡಿದು ಭಾರವಾಗಿರುತ್ತದೆ, ತೊಲೆಯ ಗೋಡೆಯೊಳಗಿನ ತುದಿಯನ್ನು ಒರಲಿ ತಿಂದಿದ್ದರೆ ಹೊರಗೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿ ಮನೆಯಲ್ಲಿ ಫ್ಯಾನಿನ ಕೊಂಡಿ ಫ್ಯಾನಿಗೆ ಮಾತ್ರ. ಮನೆ ಕಟ್ಟುವಾಗಲೇ ಬೀಮಿನ ಸರಳಿಗೆ ಸಿಗಿಸಿ ಬಿಟ್ಟ ಜೋಕಾಲಿ ಕೊಂಡಿ ಇದ್ದರೆ ಕಟ್ಟಿ.

ಚಿಕ್ಕ ಮಕ್ಕಳಿಗೆ ಸೀರೆ ಕಟ್ಟಿ ಜೋಕಾಲಿ ಮಾಡಿಕೊಟ್ಟು ಒಳಗೆ ಕೆಲಸಕ್ಕೆ ಹೋಗುವ ರೂಢಿ ನಿಲ್ಲಬೇಕು. ಮಗು ಗಿರಗಿರ ತಿರುಗಿದಾಗ ಸೀರೆಯ ಎರಡು ಎಳೆ ಹೆಣೆದುಕೊಂಡು ಕುತ್ತಿಗೆಗೆ ಬಿಗಿಯುತ್ತವೆ. ಬಿಗಿದ ಮೇಲೆ ಮಗು ಕೂಗಲಾರದು, ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತದೆ. ಕಟ್ಟಿದ್ದರೆ ಎದುರಿಗೇ ಇರಿ, ಎದ್ದು ಹೋಗುವಾಗ ಬಿಚ್ಚಿ ಹೋಗಿ.

ಹಬ್ಬದ ದಿನಗಳಲ್ಲಿ ಬೆಳಗ್ಗೆ ಮೊದಲು ಏರುವವರಿಗಿಂತ ಮುಂಚೆ ಯಾರಾದರೂ ನಿಚ್ಚಣಿಕೆ ಹತ್ತಿ ಗೋಣಿ ಸರಿದಿದೆಯೇ, ಸುತ್ತು ಸಡಿಲಾಗಿದೆಯೇ, ತೂತಿನ ಹತ್ತಿರ ಎಳೆ ಎದ್ದಿದೆಯೇ ನೋಡಲಿ. ಹಬ್ಬ ಮುಗಿದ ವಾರದಲ್ಲಿ ಬಿಚ್ಚಿಬಿಡಿ. ಬಿಟ್ಟರೆ ಟೊಂಗೆ ದಪ್ಪವಾಗುತ್ತ ಹಗ್ಗ ತೊಗಟೆಯೊಳಗೆ ಇಳಿದು ಆಹಾರ ಹರಿಯುವ ದಾರಿ ಕಟ್ಟುತ್ತದೆ, ಕ್ರಮೇಣ ಟೊಂಗೆ ಒಣಗುತ್ತದೆ. ಬೇಸಿಗೆ ರಜೆಯಲ್ಲಿ ಆ ಬಿಸಿಲುಂಡ ಹಗ್ಗಕ್ಕೇ ಹುಡುಗರು ಜೋತುಬೀಳುತ್ತಾರೆ. ಇಳಿಸಿದ ಹಗ್ಗವನ್ನು ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸುರುಳಿ ಸುತ್ತಿ ಇಲಿ ಮುಟ್ಟದ ಕಡೆ ತೂಗುಹಾಕಿ. ಕೊಂಡ ವರ್ಷ ಬರೆದ ಚೀಟಿಯೊಂದನ್ನು ಅದಕ್ಕೆ ಕಟ್ಟಿಡಿ. ಮೂರು ಪಂಚಮಿ ಕಂಡ ಹಗ್ಗವನ್ನು ನೋಡಲು ಚೆನ್ನಾಗಿದ್ದರೂ ಎಮ್ಮೆ ಕಟ್ಟಲು ಕೊಟ್ಟು, ಗಂಜಿಗೆ ಹೋಗಿ ಹೊಸ ಎಂಟು ಮಾರು ತನ್ನಿ.